ಹುಂಜದ ಬೀಜ ತೆಗೆಸಬಹುದೇ? ತೆಗೆಸಿದರೆ ಲಾಭವೇ?

ಹೋರಿಗೆ ಬೀಜ ಒಡೆಸುತ್ತೇವೆ. ಹೋತದ ಮರಿಗೆ, ಟಗರಿನ ಮರಿಗೆ ಒಡೆಸುತ್ತೇವೆ. ಅದನ್ನು ಯಾರೂ ತಪ್ಪು ಅನ್ನುವುದಿಲ್ಲ. ಹಾಗಾದರೆ ಹುಂಜಕ್ಕೆ ಯಾಕೆ ಮಾಡಿಸಬಾರದು? ಈ ಪ್ರಶ್ನೆ ಹೋದ ವರ್ಷದಿಂದ ನಮ್ಮ ಸಂತೆಯಲ್ಲಿ ಓಡಾಡುತ್ತಿದೆ.

ಇದಕ್ಕೆ ಕಾರಣ ಎರಡು. ಒಂದು, ಹುಡುಗರ ಮೊಬೈಲಿನಲ್ಲಿ ಬರುವ ವಿಡಿಯೋ. ಯಾವುದೋ ದೇಶದಲ್ಲಿ ಒಬ್ಬ ಹುಂಜದ ಪಕ್ಕೆ ಕೊಯ್ದು ಎರಡು ನಿಮಿಷದಲ್ಲಿ ಬೀಜ ತೆಗೆದು ಬಿಡುತ್ತಾನೆ, ಅದು ಎದ್ದು ಓಡುತ್ತದೆ. ಇನ್ನೊಂದು, ಪಟ್ಟಣದಿಂದ ಬಂದ ಒಬ್ಬ ಕೋಳಿ ವ್ಯಾಪಾರಿಯ ಮಾತು. "ಬೀಜ ತೆಗೆದ ಹುಂಜ ಒಂಬತ್ತು ಹತ್ತು ತಿಂಗಳು ಸಾಕಿ ಕೊಡಿ, ಕೆ.ಜಿ.ಗೆ ಒಂದೂವರೆ ಪಟ್ಟು ರೇಟು ಕೊಡ್ತೀನಿ" ಅಂದು ಹೋದ. ಬರೆದು ಕೊಟ್ಟಿಲ್ಲ, ಮುಂಗಡವನ್ನೂ ಕೊಟ್ಟಿಲ್ಲ. ಆದರೂ ನಮ್ಮೂರಲ್ಲಿ ಮೂರು ನಾಲ್ಕು ಮನೆಯವರು ಬ್ಲೇಡು ಹಿಡಿಯಲು ತಯಾರಾಗಿದ್ದರು.

ನಮ್ಮದು ಮಳೆ ನಂಬಿದ ಕೆಂಪು ನೆಲ. ಶೇಂಗಾ ಕೈಕೊಟ್ಟ ವರ್ಷ ಮನೆಯಲ್ಲಿ ಓಡಾಡುವ ದುಡ್ಡು ಅಂದರೆ ಕುರಿದು, ಇಲ್ಲ ಕೋಳಿದು. ಅದರಲ್ಲೂ ಕೋಳಿ ದುಡ್ಡು ಹೆಂಗಸರ ದುಡ್ಡು. ಮಕ್ಕಳ ನೋಟ್‌ಬುಕ್ಕು, ಜ್ವರದ ಮಾತ್ರೆ, ಬಸ್ ಚಾರ್ಜು ಎಲ್ಲ ಅದರಲ್ಲೇ ಆಗಬೇಕು. ಆ ದುಡ್ಡನ್ನು ಯಾರದೋ ಬಾಯಿಮಾತಿನ ಮೇಲೆ ಪಣಕ್ಕಿಡುವ ಮೊದಲು ವಿಚಾರಿಸುವುದು ಒಳ್ಳೆಯದು ಅನ್ನಿಸಿತು. ನಮ್ಮ ಹೋಬಳಿಯ ಪಶುವೈದ್ಯರನ್ನು ಮೂರು ಸಲ ಕಂಡು ಕೇಳಿದೆ. ಕಾನೂನಿನ ಕಾಗದಗಳನ್ನು ಮಗಳು ಓದಿ ಅರ್ಥ ಹೇಳಿದಳು. ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಹೋರಿಯ ಬೀಜ ಬೇರೆ, ಹುಂಜದ ಬೀಜ ಬೇರೆ

ಮೊದಲು ತಿಳಿಯಬೇಕಾದದ್ದು ಇದು. ಡಾಕ್ಟ್ರು ಹೇಳಿದ್ದನ್ನು ಅವರ ಮಾತಿನಲ್ಲೇ ಹೇಳ್ತೀನಿ. "ಯಜಮಾನ್ರೇ, ಹೋರಿದು ಹೊರಗೆ ಜೋತಾಡ್ತದೆ. ಇಕ್ಕಳ ಹಾಕಿ ನರ ಒತ್ತಿದ್ರೆ ಆಯ್ತು, ಚರ್ಮ ಕೂಡ ಹರಿಯಲ್ಲ. ಹುಂಜದ್ದು ಹೊಟ್ಟೆ ಒಳಗೆ, ಬೆನ್ನುಮೂಳೆಗೆ ಅಂಟಿಕೊಂಡಿರ್ತದೆ. ಅದನ್ನ ತೆಗೀಬೇಕು ಅಂದ್ರೆ ಹೊಟ್ಟೆ ಆಪರೇಷನ್ನೇ ಮಾಡಬೇಕು."

ಕೋಳಿ ಕೊಯ್ದವರು ಇದನ್ನು ನೋಡಿಯೇ ಇರುತ್ತೀರಿ. ಕರುಳು ಎಳೆದ ಮೇಲೆ ಬೆನ್ನಿಗೆ ಅಂಟಿದ ಹಾಗೆ, ಮೂತ್ರಪಿಂಡದ ಮುಂದೆ, ಅವರೆಕಾಳಿನ ಆಕಾರದ ಎರಡು ಬಿಳಿ ಗಡ್ಡೆ ಕಾಣುತ್ತವೆ. ಅವೇ ಬೀಜ. ಆರೇಳು ವಾರದ ಮರಿಯಲ್ಲಿ ಅವು ಗೋಧಿ ಕಾಳಿನಷ್ಟೇ ಇರುತ್ತವೆ. ಆ ಎರಡರ ನಡುವೆಯೇ ದೊಡ್ಡ ರಕ್ತನಾಳ ಹಾದುಹೋಗುತ್ತದೆ.

ಗೊತ್ತಿದ್ದವರು ಈ ಕೆಲಸವನ್ನು ಆರರಿಂದ ಎಂಟು ವಾರದ ವಯಸ್ಸಿನಲ್ಲಿ ಮಾಡುತ್ತಾರೆ. ಕರುಳು ಖಾಲಿಯಾಗಿ ಕೆಳಗಿಳಿದು ಬೀಜ ಕಾಣಲಿ ಅಂತ ಹಿಂದಿನ ದಿನದಿಂದಲೇ ಕಾಳು ನಿಲ್ಲಿಸುತ್ತಾರೆ. ಮರಿಯನ್ನು ಪಕ್ಕಕ್ಕೆ ಮಲಗಿಸಿ ರೆಕ್ಕೆ, ಕಾಲು ಕಟ್ಟಿ, ಕೊನೆಯ ಎರಡು ಪಕ್ಕೆಲುಬುಗಳ ಮಧ್ಯೆ ಕೊಯ್ದು, ಎಲುಬನ್ನು ಅಗಲಿಸಿ ಹಿಡಿದು, ಒಳಗಿನ ತೆಳು ಪೊರೆ ಹರಿದು, ಬೀಜವನ್ನು ತಿರುಚಿ ತೆಗೆಯುತ್ತಾರೆ. ಕೈ ಕೂದಲೆಳೆಯಷ್ಟು ತಪ್ಪಿ ರಕ್ತನಾಳ ಹರಿದರೆ ಮರಿ ಅಲ್ಲೇ ರಕ್ತ ಸುರಿಸಿ ಸಾಯುತ್ತದೆ. ಕೋಳಿಗೆ ಹೊಟ್ಟೆಯಲ್ಲೂ ಗಾಳಿಚೀಲ ಇರುವುದರಿಂದ ಗಾಯದ ಸುತ್ತ ಚರ್ಮದ ಕೆಳಗೆ ಗಾಳಿ ತುಂಬಿ ಬಲೂನಿನ ಹಾಗೆ ಊದಿಕೊಳ್ಳುವುದೂ ಉಂಟು. ವಿಡಿಯೋದಲ್ಲಿ ಎರಡು ನಿಮಿಷಕ್ಕೆ ಮುಗಿಸುವವನು ಸಾವಿರಾರು ಕೋಳಿ ಮುಟ್ಟಿದವನು. ಅವನ ಕೈಯಲ್ಲಿ ಸತ್ತ ಕೋಳಿಯನ್ನು ವಿಡಿಯೋದಲ್ಲಿ ಯಾರು ತೋರಿಸುತ್ತಾರೆ?

ಚೂರು ಉಳಿದರೂ ಹುಂಜ ಹುಂಜವೇ

ಬೀಜ ಪೂರ್ತಿ ಬಂದರೆ ಹುಂಜದ ಗುಣ ಬದಲಾಗುತ್ತದೆ. ಜುಟ್ಟು ಬೆಳೆಯುವುದಿಲ್ಲ, ಬಿಳಚಿಕೊಂಡು ಚಿಕ್ಕದಾಗೇ ಉಳಿಯುತ್ತದೆ. ಕೂಗುವುದಿಲ್ಲ, ಕಾದಾಡುವುದಿಲ್ಲ, ಹೇಟೆಗಳ ಹಿಂದೆ ಓಡುವುದಿಲ್ಲ. ತಿಂದದ್ದು ಓಡಾಟಕ್ಕೆ ಖರ್ಚಾಗದೆ ಮೈಗೆ ಕೊಬ್ಬಾಗಿ ಹತ್ತುತ್ತದೆ. ವಯಸ್ಸಾದರೂ ಮಾಂಸ ನಾರಾಗದೆ ಮೆತ್ತಗೆ ಇರುತ್ತದೆ. ಇದೆಲ್ಲ ನಿಜ. ಆದರೆ ಬೇಗ ಬೆಳೆಯುತ್ತದೆ ಅನ್ನುವುದು ತಪ್ಪು ತಿಳುವಳಿಕೆ. ಅದಕ್ಕೆ ಸಮಯ ಹೆಚ್ಚೇ ಬೇಕು.

ಬೀಜದ ಒಂದು ಚೂರು ಒಳಗೆ ಉಳಿದರೆ ಅದೇ ಮತ್ತೆ ಬೆಳೆಯುತ್ತದೆ. ಎರಡು ಮೂರು ತಿಂಗಳಲ್ಲಿ ಜುಟ್ಟು ಕೆಂಪೇರಿ ಹುಂಜ ಕೂಗಲು ಶುರು ಮಾಡುತ್ತದೆ. ಪಟ್ಟ ಪಾಡೆಲ್ಲ ದಂಡ. ಯಾಕೆ ಹೀಗೆ ಅಂತ ಕೇಳಿದ್ದಕ್ಕೆ ಡಾಕ್ಟ್ರು ಒಂದು ಹಳೇ ಸಂಗತಿ ಹೇಳಿದರು. 1849ರಲ್ಲಿ ಜರ್ಮನಿಯ ಬರ್ತೋಲ್ಡ್ ಎಂಬ ವಿಜ್ಞಾನಿ ಆರು ಹುಂಜದ ಮರಿಗಳ ಮೇಲೆ ಪರೀಕ್ಷೆ ಮಾಡಿದನಂತೆ. ಬೀಜ ಪೂರ್ತಿ ತೆಗೆದವು ಮಂಕಾದವು. ಬೀಜ ತೆಗೆದು ಹೊಟ್ಟೆಯೊಳಗೆ ಬೇರೆ ಜಾಗದಲ್ಲಿ ಇಟ್ಟವು ಜುಟ್ಟು ಬಿಟ್ಟು, ಕೂಗಿ, ಕಾದಾಡಿದವು. ಬೀಜಕ್ಕೆ ಹಳೇ ನರದ ಸಂಬಂಧ ತಪ್ಪಿದ್ದರೂ ರಕ್ತ ಹರಿದರೆ ಸಾಕು, ಅದರ ಸತ್ವ ರಕ್ತದಲ್ಲೇ ಮೈಗೆಲ್ಲ ಹೋಗುತ್ತದೆ ಅಂತ ಆಗ ಗೊತ್ತಾಯಿತು. ಇವತ್ತು ನಾವು ಹಾರ್ಮೋನು ಅನ್ನುವ ವಿದ್ಯೆಗೆ ಮೊದಲ ಪಾಠ ಹೇಳಿದ್ದೇ ಹುಂಜ! ಒಂದು ಚೂರು ಬೀಜ ಉಳಿದರೂ ಹುಂಜತನ ಹೋಗದಿರುವುದಕ್ಕೆ ಇದೇ ಕಾರಣ.

ಹೊರದೇಶದಲ್ಲಿ ಹೇಗೆ?

ಇದು ಹೊಸ ವಿದ್ಯೆಯೇನಲ್ಲ. ಗ್ರೀಸ್, ರೋಮಿನ ಕಾಲದಿಂದಲೂ ಇದೆ. ಫ್ರಾನ್ಸಿನ ಬ್ರೆಸ್ ಸೀಮೆಯ ಬೀಜ ತೆಗೆದ ಹುಂಜಕ್ಕೆ ಕ್ರಿಸ್‌ಮಸ್ ಹೊತ್ತಿಗೆ ಭಾರೀ ಬೆಲೆ. ಚೀನಾದ ದಕ್ಷಿಣ ಭಾಗದಲ್ಲೂ ಹಬ್ಬಕ್ಕೆ ಇಂಥ ಹುಂಜವೇ ಬೇಕು ಅನ್ನುವವರಿದ್ದಾರೆ. ಯುರೋಪಿನ ಮಾರಾಟ ನಿಯಮದ ಪ್ರಕಾರ ಕೋಳಿಗೆ ಆ ಹೆಸರು ಹಾಕಿ ಮಾರಬೇಕಾದರೆ ಬೀಜ ತೆಗೆದ ಮೇಲೆ ಕಡೇಪಕ್ಷ 77 ದಿನ ಮೇಯಿಸಿರಬೇಕು, ಕೊಯ್ಯುವಾಗ ಕಡೇಪಕ್ಷ 140 ದಿನ ತುಂಬಿರಬೇಕು. ಬ್ರೆಸ್‌ನವರು ಇನ್ನೂ ಹೆಚ್ಚು ಕಾಲ ಸಾಕಿ, ಕೊನೆಯಲ್ಲಿ ಮೆಕ್ಕೆಜೋಳ, ಹಾಲು ಕೊಟ್ಟು ಕೊಬ್ಬಿಸುತ್ತಾರೆ. ಅಲ್ಲಿ ಆ ಹುಂಜಕ್ಕೆ ಕಾಯುವ ಗಿರಾಕಿ ತಲೆಮಾರುಗಳಿಂದ ಇದ್ದಾನೆ.

ಇನ್ನೊಂದು ಕಡೆ ಇಂಗ್ಲೆಂಡಿನಲ್ಲಿ ಹುಂಜದ ಬೀಜ ತೆಗೆಯುವುದಕ್ಕೆ ನಿಷೇಧವೇ ಇದೆ. ಅಮೆರಿಕದಲ್ಲಿ ಕತ್ತರಿಸುವ ಬದಲು ಕುತ್ತಿಗೆಯ ಚರ್ಮದ ಕೆಳಗೆ ಹೆಣ್ಣು ಹಾರ್ಮೋನಿನ ಗುಳಿಗೆ ಇಡುವ ಪದ್ಧತಿಯೂ ಇತ್ತು. ಆ ಔಷಧಿ ಮಾಂಸದಲ್ಲಿ ಉಳಿದು ತಿಂದವರಿಗೆ ಅಪಾಯ ಅಂತ 1959ರಲ್ಲಿ ಕೋಳಿಗೆ ಅದನ್ನು ನಿಲ್ಲಿಸಿದರು. ಯಾರಾದರೂ "ಕೊಯ್ಯೋದು ಬೇಡ, ಒಂದು ಇಂಜೆಕ್ಷನ್ ಸಾಕು, ಒಂದು ಗುಳಿಗೆ ಸಾಕು" ಅಂತ ತಂದರೆ ಹತ್ತಿರ ಸೇರಿಸಬೇಡಿ.

ನಮ್ಮ ಕಾನೂನು ಏನನ್ನುತ್ತದೆ?

ನಮ್ಮಲ್ಲಿ ಇರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆ. ಅದರಲ್ಲಿ ಪ್ರಾಣಿ ಅಂದರೆ ಮನುಷ್ಯನನ್ನು ಬಿಟ್ಟು ಉಳಿದ ಎಲ್ಲ ಜೀವಿ. "ಕೋಳಿ ಪ್ರಾಣಿಯಲ್ಲ, ಹಕ್ಕಿ" ಎಂಬ ವಾದ ನಡೆಯುವುದಿಲ್ಲ. 11ನೇ ಕಲಮಿನ ಪ್ರಕಾರ ಪ್ರಾಣಿಯ ಅಂಗ ಊನ ಮಾಡುವುದು, ಸುಮ್ಮನೆ ನೋವು ಕೊಡುವುದು ಅಪರಾಧ. ಅದೇ ಕಲಮಿನಲ್ಲಿ ಒಂದು ವಿನಾಯಿತಿ ಇದೆ. ದನದ ಕೊಂಬು ತೆಗೆಯುವುದು, ಯಾವುದೇ ಪ್ರಾಣಿಯ ಬೀಜ ಒಡೆಯುವುದು, ಬರೆ ಹಾಕುವುದು, ಮೂಗುದಾರ ಹಾಕುವುದು ಅಪರಾಧವಲ್ಲ. ಆದರೆ ಅದು ಸರ್ಕಾರ ಗೊತ್ತುಮಾಡಿದ ರೀತಿಯಲ್ಲಿ ನಡೆಯಬೇಕು. ಗುಟ್ಟೆಲ್ಲ ಈ 'ಗೊತ್ತುಮಾಡಿದ ರೀತಿ' ಅನ್ನುವುದರಲ್ಲೇ ಇದೆ.

ಈ ರೀತಿ ಯಾವುದು ಅಂತ ಬಹಳ ವರ್ಷ ಬಿಡಿಸಿ ಹೇಳಿರಲಿಲ್ಲ. 2023ರಲ್ಲಿ ಕೇಂದ್ರ ಸರ್ಕಾರ ಇಂಥ ಕೆಲಸಗಳಿಗೆಂದೇ ನಿಯಮ ಹೊರಡಿಸಿತು. ಅದರ ತಿರುಳು ಇಷ್ಟು: ನೋವಾಗುವ ಕೆಲಸವನ್ನು ನೋಂದಾಯಿತ ಪಶುವೈದ್ಯರಿಂದ, ನೋವು ಗೊತ್ತಾಗದಂತೆ ಔಷಧಿ ಕೊಟ್ಟು ಮಾಡಿಸಬೇಕು. ಆ ನಿಯಮ ಹುಟ್ಟಿದ್ದು ಮುಖ್ಯವಾಗಿ ಎತ್ತು, ದನಗಳ ಸಲುವಾಗಿ. ಆದರೆ ಇಕ್ಕಳ ಒತ್ತುವುದಕ್ಕೇ ಡಾಕ್ಟ್ರು, ಔಷಧಿ ಬೇಕು ಅಂದ ಮೇಲೆ ಹೊಟ್ಟೆ ಕೊಯ್ಯುವ ಕೆಲಸಕ್ಕೆ ಬೇಡ ಅನ್ನಲಾದೀತೇ?

ಇದರ ಜೊತೆಗೆ 1984ರ ಭಾರತೀಯ ಪಶುವೈದ್ಯ ಪರಿಷತ್ತಿನ ಕಾಯ್ದೆ ಇದೆ. ಪಶುಗಳಿಗೆ ಚಿಕಿತ್ಸೆ ಮಾಡುವ ಹಕ್ಕು ನೋಂದಾಯಿತ ಪಶುವೈದ್ಯರದು. ಲಸಿಕೆ ಹಾಕುವುದು, ಬೀಜ ಒಡೆಯುವುದು, ಗಾಯಕ್ಕೆ ಪಟ್ಟಿ ಕಟ್ಟುವುದು ಇಂಥ ಸಣ್ಣ ಕೆಲಸಗಳನ್ನು ರಾಜ್ಯ ಸರ್ಕಾರದ ಅಪ್ಪಣೆ ಇದ್ದರೆ ತರಬೇತಿ ಪತ್ರ ಪಡೆದ ಸಹಾಯಕರು ವೈದ್ಯರ ಉಸ್ತುವಾರಿಯಲ್ಲಿ ಮಾಡಬಹುದು. ಬ್ಲೇಡು ಹಿಡಿದ ನಾನು, ನೀವು ಆ ಲೆಕ್ಕಕ್ಕೆ ಬರುವುದಿಲ್ಲ.

ದಂಡ ಎಷ್ಟು ಅಂತ ಕೇಳಿದರೆ ನಗು ಬರುತ್ತದೆ. 1960ರ ಕಾಯ್ದೆಯಲ್ಲಿ ಮೊದಲ ಸಲಕ್ಕೆ 10ರಿಂದ 50 ರೂಪಾಯಿ. ಮೂರು ವರ್ಷದ ಒಳಗೆ ಮತ್ತೆ ಸಿಕ್ಕಿಬಿದ್ದರೆ 25ರಿಂದ 100 ರೂಪಾಯಿ, ಇಲ್ಲವೇ ಮೂರು ತಿಂಗಳ ತನಕ ಜೈಲು, ಇಲ್ಲವೇ ಎರಡೂ. ದಂಡ ಸಣ್ಣದು ಅಂತ ಸಸಾರ ಮಾಡಬೇಡಿ. ಸ್ಟೇಷನ್ನು, ಕೋರ್ಟು ಅಂತ ತಿರುಗುವ ಬಸ್ ಚಾರ್ಜಿಗೇ ಒಂದು ಗೂಡಿನ ಕೋಳಿ ಹೋಗುತ್ತವೆ.

ನಮ್ಮ ಓಣಿಯ ಒಬ್ಬ ಅಣ್ಣ ಕೇಳಿದ: "ಅಲ್ಲಯ್ಯಾ, ಕತ್ತು ಕುಯ್ಯಬಹುದಂತೆ, ಬೀಜ ಕುಯ್ಯಬಾರದಂತೆ, ಇದ್ಯಾವ ನ್ಯಾಯ?" ಕೇಳುವ ಮಾತೇ. ಊಟಕ್ಕೆ ಕೊಯ್ಯುವುದನ್ನು ಕಾಯ್ದೆ ಬಿಟ್ಟಿದೆ, ಅದೂ ಅನಾವಶ್ಯಕ ನೋವು ಕೊಡದೆ ಕೊಯ್ದರೆ ಮಾತ್ರ. ಕತ್ತು ಕೊಯ್ದರೆ ಕ್ಷಣದಲ್ಲಿ ಮುಗಿಯುತ್ತದೆ. ಎಚ್ಚರ ಇರುವ ಮರಿಯ ಪಕ್ಕೆ ಬಗೆದು ಒಳಗೆ ಕೈ ಆಡಿಸಿ ಮತ್ತೆ ಬದುಕು ಅಂದರೆ ಅದು ಬೇರೆಯೇ ಸಂಗತಿ. ಮನೆಯಲ್ಲಿ ಸಾಕಿದ ಜೀವ. ಕಾಯ್ದೆ ಇರದಿದ್ದರೂ ಇಷ್ಟು ಯೋಚನೆ ನಮಗೆ ಇರಬೇಕಲ್ಲವೇ?

ಒಟ್ಟು ಸಾರಾಂಶ: ಹುಂಜದ ಬೀಜ ತೆಗೆಯಬಾರದು ಅಂತ ನಮ್ಮ 1960ರ ಕಾಯ್ದೆಯಲ್ಲಿ ಕೋಳಿಯ ಹೆಸರು ಹಿಡಿದು ಬರೆದಿಲ್ಲ. ಡಾಕ್ಟ್ರ ಕೈಯಲ್ಲಿ, ಔಷಧಿ ಕೊಟ್ಟು ಮಾಡಿಸುವುದಕ್ಕೆ ದಾರಿ ಇದೆ. ಮನೆ ಜಗಲಿಯ ಮೇಲೆ ಬ್ಲೇಡಿನಲ್ಲಿ ಮಾಡುವುದಕ್ಕೆ ದಾರಿ ಇಲ್ಲ.

ಈಗ ಲೆಕ್ಕ ಹಾಕೋಣ

ಡಾಕ್ಟ್ರಿಂದಲೇ ಮಾಡಿಸಿದರೆ ಗಿಟ್ಟುತ್ತದೆಯೇ? ಹತ್ತು ಹುಂಜದ ಲೆಕ್ಕ ಹಾಕಿದೆ. ರೇಟು ನಮ್ಮ ಸಂತೆಯದು, ತೂಕ ನಮ್ಮ ಮನೆ ಕೋಳಿಯದು. ಸಾವು ಎಷ್ಟು ಅನ್ನುವುದು ನನ್ನ ಅಂದಾಜು. ನೀವು ನಿಮ್ಮ ಸಂಖ್ಯೆ ಹಾಕಿಕೊಳ್ಳಿ.

ಐದು ತಿಂಗಳ ನಾಟಿ ಹುಂಜ ಒಂದೂವರೆ ಕೆ.ಜಿ. ತೂಗುತ್ತದೆ. ಕೆ.ಜಿ.ಗೆ 400 ರೂಪಾಯಿಯಂತೆ ಒಂದಕ್ಕೆ 600. ಹತ್ತಕ್ಕೆ 6,000 ರೂಪಾಯಿ ಕೈಗೆ ಬಂತು.

ಅವನ್ನೇ ಬೀಜ ತೆಗೆಸಿ ಇನ್ನೂ ಐದು ತಿಂಗಳು ಇಟ್ಟುಕೊಂಡರೆ ಒಂದೊಂದು ಎರಡೂಕಾಲು ಕೆ.ಜಿ. ಆದೀತು. ಹಿತ್ತಲಲ್ಲಿ ಕೆದಕಿ ತಿನ್ನುವುದರ ಮೇಲೆ ದಿನಕ್ಕೆ 60 ಗ್ರಾಂ ಕಾಳು ಅಂದರೂ 150 ದಿನಕ್ಕೆ 9 ಕೆ.ಜಿ. ಆಯಿತು. ಕೆ.ಜಿ.ಗೆ 25 ರೂಪಾಯಿಯಂತೆ 225. ಔಷಧಿ, ಹೋಗಿ ಬರುವ ಖರ್ಚು ಒಂದಕ್ಕೆ 50. ಹತ್ತು ಹುಂಜಕ್ಕೆ ಒಟ್ಟು ಖರ್ಚು 2,750 ರೂಪಾಯಿ.

ಹತ್ತರಲ್ಲಿ ಒಂದು ಆಪರೇಷನ್ನಿನಲ್ಲಿ ಹೋಗುತ್ತದೆ, ಇನ್ನೊಂದನ್ನು ಐದು ತಿಂಗಳಲ್ಲಿ ಮುಂಗುಸಿಯೋ ನಾಯಿಯೋ ರೋಗವೋ ಒಯ್ಯುತ್ತದೆ ಅಂತ ಇಟ್ಟುಕೊಳ್ಳೋಣ. ಉಳಿದದ್ದು ಎಂಟು. ಅದರಲ್ಲಿ ಒಂದರ ಬೀಜ ಮತ್ತೆ ಬೆಳೆದು ಅದು ಮಾಮೂಲಿ ಹುಂಜವಾಗುತ್ತದೆ.

ವ್ಯಾಪಾರಿ ಹೇಳಿದಂತೆ ಬಂದು 600ರ ರೇಟಿನಲ್ಲಿ ಕೊಂಡರೆ ಏಳು ಹುಂಜಕ್ಕೆ 9,450, ಮಾಮೂಲಿ ಒಂದಕ್ಕೆ 900, ಒಟ್ಟು 10,350. ಖರ್ಚು ಕಳೆದರೆ 7,600. ಐದು ತಿಂಗಳು ಕಾದದ್ದಕ್ಕೆ 1,600 ರೂಪಾಯಿ ಹೆಚ್ಚು ಸಿಕ್ಕಿತು.

ವ್ಯಾಪಾರಿ ಬರಲೇ ಇಲ್ಲ ಅನ್ನಿ. ಸಂತೆಯ ರೇಟಿನಲ್ಲಿ ಎಂಟಕ್ಕೆ 7,200. ಖರ್ಚು ಕಳೆದರೆ 4,450. ಅಂದರೆ 1,550 ರೂಪಾಯಿ ಲುಕ್ಸಾನು.

ಬಂದರೆ 1,600 ಲಾಭ, ಬರದಿದ್ದರೆ 1,550 ನಷ್ಟ. ಇದಕ್ಕೆ ಸಾಕಣೆ ಅನ್ನುತ್ತಾರೋ, ಇಸ್ಪೀಟು ಅನ್ನುತ್ತಾರೋ ನೀವೇ ಹೇಳಿ. ಮೇಲಾಗಿ ಈ ಹತ್ತು ಹುಂಜ ಗೂಡಿನಲ್ಲಿ ಕೂತ ಐದು ತಿಂಗಳಲ್ಲಿ ಅದೇ ಜಾಗದಲ್ಲಿ ಇನ್ನೊಂದು ಕಾವಿನ ಮರಿಗಳು ಬೆಳೆದು ಬರುತ್ತಿದ್ದವು. ಆ ಲೆಕ್ಕ ನಾನು ಹಿಡಿದೇ ಇಲ್ಲ.

ನಮ್ಮ ಗಿರಾಕಿಗೆ ಬೇಕಾದದ್ದು ಕೆಂಪು ಜುಟ್ಟು

ಇನ್ನೊಂದು ಮುಖ್ಯ ಮಾತು. ನಮ್ಮ ಸಂತೆಗಳಲ್ಲಿ ಹುಂಜ ಕೊಳ್ಳುವವರು ಏನು ನೋಡುತ್ತಾರೆ? ಮೊದಲು ಜುಟ್ಟು, ಆಮೇಲೆ ಕಣ್ಣು, ಕಾಲು. ಮಾರಮ್ಮನಿಗೆ ಹರಕೆ ಹೊತ್ತವರು ಊನ ಇರುವ ಹುಂಜವನ್ನು ಮುಟ್ಟುವುದಿಲ್ಲ. ಬಿಳಚಿದ ಜುಟ್ಟಿನ, ಪಕ್ಕೆಯಲ್ಲಿ ಗಾಯದ ಗುರುತಿರುವ ಹುಂಜ ತಂದು ಕೂತರೆ "ರೋಗದ ಕೋಳಿ" ಅಂತ ಮುಂದೆ ಹೋಗುತ್ತಾರೆ. ಊಟಕ್ಕೆ ಕೊಳ್ಳುವವರಿಗೂ ಮುದ್ದೆ ಜೊತೆಗೆ ಸಾರು ಗಟ್ಟಿಯಾಗಿ ಇಳಿಯುವ, ಅಗಿಯಲು ಸ್ವಲ್ಪ ಕಸುವಿರುವ ಮಾಂಸವೇ ಬೇಕು. ಮೆತ್ತಗಿನ ಕೊಬ್ಬಿನ ಕೋಳಿ ಬೇಕಾದವರಿಗೆ ಬ್ರಾಯ್ಲರ್ ಅಂಗಡಿ ಊರೂರಲ್ಲಿ ಇದೆ, ಅದೂ ಅರ್ಧ ರೇಟಿಗೆ. ನಾಟಿ ಹುಂಜಕ್ಕೆ ನಮ್ಮಲ್ಲಿ ಬೆಲೆ ಬಂದಿರುವುದೇ ಅದರ ಹುಂಜತನಕ್ಕೆ. ಅದನ್ನು ಕಿತ್ತು ಹಾಕಿ ಮಾರುತ್ತೇವೆ ಅಂದರೆ ಹೇಗೆ?

ಹಾಗಾದರೆ ಹೆಚ್ಚಾದ ಹುಂಜಗಳನ್ನು ಏನು ಮಾಡುವುದು?

ಮರಿಗಳಲ್ಲಿ ಹೆಚ್ಚುಕಮ್ಮಿ ಅರ್ಧ ಹುಂಜವೇ ಆಗುತ್ತವೆ. ಅವು ಕಾದಾಡುತ್ತವೆ, ಹೇಟೆಗಳ ಬೆನ್ನಿನ ಪುಕ್ಕ ಕೀಳುತ್ತವೆ. ಈ ತೊಂದರೆಗೆ ಕತ್ತರಿ ಇಲ್ಲದ ಉಪಾಯಗಳಿವೆ. ನಮ್ಮ ಮನೆಯಲ್ಲಿ ನಡೆಸಿಕೊಂಡು ಬಂದಿರುವುದು ಹೀಗೆ:

1. ಎಂಟು ಹತ್ತು ಹೇಟೆಗೆ ಒಂದು ಹುಂಜ ಸಾಕು. ಅಡ್ಡಕ್ಕಿರಲಿ ಅಂತ ಇನ್ನೊಂದು. ಉಳಿದವು ಮಾರಾಟಕ್ಕೆ.

2. ಮೂರು ತಿಂಗಳಿಗೆ ಜುಟ್ಟು ನೋಡಿ ಹುಂಜದ ಮರಿಗಳನ್ನು ಬೇರೆ ಮಾಡುವುದು. ಹೇಟೆಗಳು ಕಣ್ಣಿಗೆ ಬೀಳದಿದ್ದರೆ, ಜೊತೆಯಲ್ಲೇ ಬೆಳೆದ ಹುಂಜಗಳು ಅಷ್ಟಾಗಿ ಕಾದಾಡುವುದಿಲ್ಲ.

3. ಐದು ತಿಂಗಳಿಗೆ, ಮಾಂಸ ಬಲಿಯುವ ಮೊದಲೇ ಮಾರುವುದು. ಮಾರುವ ಮೂರು ವಾರ ಮುಂಚೆ ಓಡಾಟ ಕಡಿಮೆ ಮಾಡಿ ರಾಗಿ ನುಚ್ಚು, ಮೆಕ್ಕೆಜೋಳದ ನುಚ್ಚು ಕೊಡುವುದು. ಬೀಜ ತೆಗೆಯದೆಯೇ ಮೈ ತುಂಬಿ ಮೆತ್ತಗಿನ ಮಾಂಸ ಬರುತ್ತದೆ.

4. ಹಬ್ಬ ನೋಡಿ ಕಾವು ಕೂರಿಸುವುದು. ದಸರಾ ಕಳೆದು ಕಾವು ಕೂರಿಸಿದರೆ 21 ದಿನಕ್ಕೆ, ದೀಪಾವಳಿ ಹೊತ್ತಿಗೆ ಮರಿ ಒಡೆಯುತ್ತದೆ. ಅವು ಯುಗಾದಿಯ ಹೊಸತೊಡಕಿಗೆ ಸರಿಯಾಗಿ ತಯಾರು. ಆ ವಾರದ ರೇಟೇ ಬೇರೆ. ಶ್ರಾವಣದಲ್ಲಿ ಮಾರಲು ಹೋದರೆ ಕೇಳುವವರಿಲ್ಲ.

5. ಕೊಕ್ಕರೆ ರೋಗದ ಲಸಿಕೆ ತಪ್ಪಿಸಬಾರದು. ಮರಿಗೆ ಐದರಿಂದ ಏಳನೇ ದಿನ ಕಣ್ಣಿಗೆ ಅಥವಾ ಮೂಗಿಗೆ ಹನಿ, ಎಂಟು ಹತ್ತು ವಾರಕ್ಕೆ ರೆಕ್ಕೆಯ ಕೆಳಗೆ ಇಂಜೆಕ್ಷನ್. ಬೀಜ ತೆಗೆಸಲು ಡಾಕ್ಟ್ರನ್ನು ಕರೆಯುವ ಖರ್ಚಿನಲ್ಲಿ ಇಡೀ ಓಣಿಯ ಕೋಳಿಗೆ ಲಸಿಕೆ ಆಗುತ್ತದೆ. ಬಾಟಲಿ ಒಡೆದರೆ ಅವತ್ತೇ ಮುಗಿಸಬೇಕಾದ್ದರಿಂದ ನಾಲ್ಕು ಮನೆ ಸೇರಿ ಹಾಕಿಸುವುದೇ ಲೇಸು.

6. ಸಾಕುವ ಹುಂಜವನ್ನು ವರ್ಷಕ್ಕೊಮ್ಮೆ ಬೇರೆ ಊರಿನವರ ಜೊತೆ ಬದಲು ಮಾಡಿಕೊಳ್ಳುವುದು. ಅದೇ ಹುಂಜ ಅದರ ಮರಿಗಳಿಗೇ ಬಿದ್ದರೆ ತಳಿ ಕುಗ್ಗುತ್ತದೆ.

ಬರೀ ತೂಕವೇ ಮುಖ್ಯ ಅನ್ನುವವರಿಗೆ ಹೆಬ್ಬಾಳದಿಂದ 1989ರಲ್ಲಿ ಬಂದ ಗಿರಿರಾಜ, ಆಮೇಲಿನ ಸ್ವರ್ಣಧಾರ ಇವೆ. ಹಿತ್ತಲಲ್ಲಿ ಸಾಕಲೆಂದೇ ಮಾಡಿದ ತಳಿಗಳು. ನಾಟಿಗಿಂತ ಬೇಗ ತೂಕ ಬರುತ್ತವೆ. ಕತ್ತರಿ ಹಿಡಿಯುವುದಕ್ಕಿಂತ ತಳಿ ಬದಲಿಸುವುದು ಸುಲಭ.

ಯಾರಿಗಾದರೂ ಈ ಕೆಲಸ ಗಿಟ್ಟೀತೇ?

ಗಿಟ್ಟಲೇಬಾರದು ಅಂತ ನಾನು ಹೇಳುವುದಿಲ್ಲ. ಇನ್ನೂರು ಮುನ್ನೂರು ಹುಂಜ ಒಟ್ಟಿಗೆ ಇರುವವರು, ಕೈ ಪಳಗಿದ ಪಶುವೈದ್ಯರು ಹತ್ತಿರ ಇರುವವರು, ಹೋಟೆಲಿನವರಿಂದ ರೇಟು, ತೂಕ, ದಿನಾಂಕ ಬರೆಸಿಕೊಂಡು ಮುಂಗಡ ಪಡೆದವರು ಮಾಡಿ ನೋಡಬಹುದು. ಹತ್ತು ಹದಿನೈದು ಕೋಳಿಯ ನಮ್ಮಂಥ ಮನೆಗೆ ಇದು ಹೊಂದುವುದಿಲ್ಲ. ಆ ವ್ಯಾಪಾರಿ ಮತ್ತೆ ಬಂದರೆ ನಮ್ಮೂರ ಹೆಂಗಸರು ಕೇಳಬೇಕೆಂದಿರುವುದು ಒಂದೇ ಮಾತು: "ಅಣ್ಣಾ, ಡಾಕ್ಟ್ರ ಖರ್ಚು ನಿಂದು, ಸತ್ತ ಕೋಳಿ ನಿಂದು, ಅರ್ಧ ದುಡ್ಡು ಮೊದಲೇ ಇಡು. ಆಯ್ತಾ?" ಇದಕ್ಕೆ ಅವನು ಒಪ್ಪಿದರೆ ಮುಂದಿನ ಮಾತು.

ಡಾಕ್ಟ್ರಿಂದಲೇ ಮಾಡಿಸಿ, ಸಾಕಿ, ಮಾರಿದ ರೈತರು ನಮ್ಮ ರಾಜ್ಯದಲ್ಲಿ ಎಲ್ಲಾದರೂ ಇದ್ದರೆ ಎಷ್ಟು ಸತ್ತವು, ಎಷ್ಟು ತಿಂದವು, ಯಾರು ಕೊಂಡರು ಅಂತ ಲೆಕ್ಕ ಸಮೇತ ಪತ್ರಿಕೆಗೆ ಬರೆಯಿರಿ. ನನ್ನ ಲೆಕ್ಕಕ್ಕಿಂತ ನಿಮ್ಮ ಅನುಭವ ದೊಡ್ಡದು.